ಹಟ ಹಿಡಿದ ಹೊಲಿಗೆ ಯಂತ್ರ

ಚೆನ್ನಾಗಿ ಹೊಲಿಯುತ್ತಿದ್ದ ಯಂತ್ರ ಒಂದು ದಿನ ಇದ್ದಕ್ಕಿದ್ದಂತೆ ಹಟ ಹಿಡಿಯುತ್ತದೆ. ನಾಲ್ಕು ಅಂಗುಲ ಹೊಲಿಯುವುದರೊಳಗೆ ದಾರ ತುಂಡಾಗುತ್ತದೆ, ಇಲ್ಲವೇ ಬಟ್ಟೆಯ ಅಡಿಯಲ್ಲಿ ಗುಬ್ಬಿಗೂಡಿನಂತೆ ಸಿಕ್ಕುಗಟ್ಟುತ್ತದೆ. ‘ಇದಕ್ಕೆ ದೃಷ್ಟಿಯಾಗಿದೆ’ ಎಂದು ಅಜ್ಜಿ ಹೇಳಿದರೆ, ‘ಮಾರಿಬಿಡಿ’ ಎಂದು ಮಗ ಹೇಳುತ್ತಾನೆ. ಯಾರೋ ಒಬ್ಬರು ಬಿಗಿತದ ತಿರುಪನ್ನು ಅತ್ತ ಇತ್ತ ತಿರುಗಿಸುತ್ತಾರೆ. ಅಲ್ಲಿಗೆ ಇದ್ದ ಒಂದು ದೋಷ ಎರಡಾಗುತ್ತದೆ.

ಬಿಡುವಿನ ವೇಳೆಗೆಂದು ಹೊಲಿಯುವ ಮನೆಯಲ್ಲಿ ಇದೊಂದು ಸಣ್ಣ ಕಿರಿಕಿರಿ ಅಷ್ಟೆ. ಆದರೆ ಹೊಲಿಗೆಯ ದುಡಿಮೆಯಿಂದಲೇ ಮಕ್ಕಳ ಪುಸ್ತಕ, ಶುಲ್ಕ ನಡೆಯುವ ಮನೆಗಳೂ ಸಾಕಷ್ಟಿವೆ. ಶಾಲೆ ತೆರೆಯುವ ಮುಂಚಿನ ಎರಡು ವಾರಗಳಲ್ಲಿ ಸಮವಸ್ತ್ರದ ರಾಶಿ ಮುಂದಿರುವಾಗ ಯಂತ್ರ ನಿಂತರೆ ಆ ತಾಯಿ ಅದನ್ನು ಹೊತ್ತು ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. ಬಸ್ಸಿನ ಖರ್ಚು, ರಿಪೇರಿಯ ಖರ್ಚು, ಎರಡು ದಿನದ ಕೆಲಸ ನಷ್ಟ. ಹೇಳಿದ ದಿನಕ್ಕೆ ಬಟ್ಟೆ ಸಿಗದ ಗಿರಾಕಿ ಮುಂದಿನ ವರ್ಷ ಬೇರೆ ಮನೆ ಹುಡುಕುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಒಂದು. ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ನೆರವು ಅದರಲ್ಲಿದೆ. ಯಂತ್ರ ಕೊಳ್ಳುವುದಕ್ಕೆ ನೆರವು ಸಿಗಬಹುದು. ಅದನ್ನು ಸುಸ್ಥಿತಿಯಲ್ಲಿ ಇಡುವ ತಿಳಿವಳಿಕೆ ಮಾತ್ರ ಮನೆಯಲ್ಲೇ ಬೆಳೆಯಬೇಕು. ಹತ್ತನೆಯ ತರಗತಿಯವರೆಗೆ ಸನ್ನೆ, ಘರ್ಷಣೆ, ಜಡತ್ವ ಓದಿದ ಹುಡುಗ ಹುಡುಗಿಯರಿಗೆ ಅದು ಕಷ್ಟವೇನೂ ಅಲ್ಲ.

ಯಂತ್ರ ಹೊಲಿಯುವುದು ಹೇಗೆ ಎಂಬುದನ್ನು ಮೊದಲು ತಿಳಿಯೋಣ. ಕೈಹೊಲಿಗೆಯಲ್ಲಿ ಸೂಜಿ ಬಟ್ಟೆಯನ್ನು ಪೂರ್ತಿ ದಾಟಿ ಮತ್ತೆ ಹಿಂದಿರುಗುತ್ತದೆ. ದಾರವೆಲ್ಲ ಅದರ ಹಿಂದೆಯೇ ಹೋಗುತ್ತದೆ. ಈ ಚಲನೆಯನ್ನು ಯಂತ್ರದಲ್ಲಿ ಅನುಕರಿಸಲು ಹೊರಟ ಅನೇಕರು ಸೋತರು. ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೊನಿಯೇ ಕೊಕ್ಕೆಯಂಥ ಸೂಜಿಯಿಂದ ಸರಪಳಿ ಹೊಲಿಗೆ ಹಾಕುವ ಯಂತ್ರಕ್ಕೆ 1830ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ಪ್ಯಾರಿಸ್ಸಿನ ದರ್ಜಿಗಳು ತಮ್ಮ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಹೆದರಿ ಆತನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಪುಡಿ ಮಾಡಿದರು. ಅಮೆರಿಕದ ವಾಲ್ಟರ್ ಹಂಟ್ 1830ರ ದಶಕದಲ್ಲೇ ಎರಡು ದಾರಗಳ ಯಂತ್ರ ಮಾಡಿದ್ದ. ಆದರೆ ಆಗ ಪೇಟೆಂಟಿನ ಗೋಜಿಗೆ ಹೋಗಲಿಲ್ಲ. ಇಂದು ಸೀರೆಯ ಸೆರಗಿಗೆ ಚುಚ್ಚುವ ಸೇಫ್ಟಿ ಪಿನ್ನಿಗೆ 1849ರಲ್ಲಿ ಪೇಟೆಂಟ್ ಪಡೆದವನೂ ಈತನೇ. ಎರಡು ದಾರಗಳ ಹೊಲಿಗೆಗೆ 1846ರ ಸೆಪ್ಟೆಂಬರ್ 10ರಂದು ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ಎಲಿಯಾಸ್ ಹೋವ್‌ಗೆ. 1851ರಲ್ಲಿ ಐಸಾಕ್ ಸಿಂಗರ್ ಯಂತ್ರವನ್ನು ಇನ್ನಷ್ಟು ಬಳಕೆಗೆ ಒಗ್ಗಿಸಿದ. ಯಂತ್ರಗಳ ವಿಚಾರದಲ್ಲಿ ಬಿಗಿಯಾಗಿದ್ದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಇಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಯಂತ್ರ ತಯಾರಿಸತೊಡಗಿದ ಮೇಲೆ ದೇಶದಲ್ಲೇ ಮಾಡಿದ ಯಂತ್ರಗಳು ಮನೆಮನೆಗೆ ಬಂದವು.

ಈ ಯಂತ್ರದ ಗುಟ್ಟು ಇರುವುದು ಸೂಜಿಯ ಕಣ್ಣಿನಲ್ಲಿ. ಕೈಸೂಜಿಗೆ ಕಣ್ಣು ಹಿಂಬದಿಯಲ್ಲಿ. ಯಂತ್ರದ ಸೂಜಿಗೆ ಮೊನೆಯ ಬಳಿ. ಸೂಜಿ ಬಟ್ಟೆಯನ್ನು ಪೂರ್ತಿ ದಾಟುವುದಿಲ್ಲ. ದಾರದೊಂದಿಗೆ ಕೆಳಗಿಳಿದು ಎರಡು ಮಿಲಿಮೀಟರಿನಷ್ಟು ಮೇಲೇರುತ್ತದೆ. ಆಗ ಬಟ್ಟೆಯ ಘರ್ಷಣೆಯಿಂದಾಗಿ ಒಂದು ಬದಿಯ ದಾರ ಸೂಜಿಯೊಡನೆ ಮೇಲೇರದೆ ಉಬ್ಬಿ ಪುಟ್ಟ ಕುಣಿಕೆಯಾಗುತ್ತದೆ. ಇನ್ನೊಂದು ಬದಿಯ ದಾರ ಸೂಜಿಯ ಉದ್ದ ಗಾಡಿಯಲ್ಲಿ ಅಡಗಿ ಸರಾಗವಾಗಿ ಜಾರುತ್ತದೆ. ಅದೇ ಕ್ಷಣಕ್ಕೆ ಕೆಳಗಿನ ಕೊಕ್ಕೆಯ ಮೊನೆ ಬಂದು ಕುಣಿಕೆಯನ್ನು ಹಿಡಿದು, ಹಿಗ್ಗಿಸಿ, ಬಾಬಿನ್ ಕೇಸಿನ ಸುತ್ತ ದಾಟಿಸುತ್ತದೆ. ಹೀಗೆ ಬಾಬಿನ್ನಿನ ದಾರ ಮೇಲಿನ ದಾರದ ಕುಣಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ. ಮೇಲಿನ ಸನ್ನೆ ದಾರವನ್ನು ಎಳೆದು ಗಂಟನ್ನು ಬಟ್ಟೆಯ ನಡುವೆ ಕೂರಿಸುತ್ತದೆ. ಸೂಜಿ ಬಟ್ಟೆಯಿಂದ ಹೊರಬಂದ ಮೇಲೆ ಒತ್ತುಪಾದದ ಅಡಿಯ ಹಲ್ಲುಗಳು ಮೇಲೆದ್ದು, ಬಟ್ಟೆಯನ್ನು ಮುಂದೆ ಸರಿಸಿ, ಕೆಳಗಿಳಿದು, ಹಿಂದಕ್ಕೆ ಬರುತ್ತವೆ. ಈ ನಾಲ್ಕು ಚಲನೆಗಳ ಏರ್ಪಾಡನ್ನು ರೂಪಿಸಿದವನು ಅಲೆನ್ ವಿಲ್ಸನ್, 1854ರಲ್ಲಿ.

ಕುಣಿಕೆಯ ವಿಷಯ ಅರ್ಥವಾದರೆ ಯಂತ್ರದ ಅರ್ಧ ರೋಗಗಳ ಮೂಲ ಅರ್ಥವಾದಂತೆ. ಹೊಲಿಗೆ ತಪ್ಪಿಸಿಕೊಂಡು ಹೋಗುತ್ತಿದೆ ಎಂದರೆ ಕೊಕ್ಕೆಗೆ ಕುಣಿಕೆ ಸಿಗುತ್ತಿಲ್ಲ. ಸೂಜಿ ಕೂದಲೆಳೆಯಷ್ಟು ಬಾಗಿರಬಹುದು, ಪೂರ್ತಿ ಮೇಲಕ್ಕೆ ಕೂರದೆ ಇರಬಹುದು, ತಿರುವುಮುರುವಾಗಿರಬಹುದು. ನಿಯಮ ಸರಳ: ಉದ್ದ ಗಾಡಿ ಇರುವ ಬದಿಯಿಂದ ದಾರ ಪೋಣಿಸಬೇಕು, ಚಪ್ಪಟೆ ಬದಿ ಕೊಕ್ಕೆಯ ಕಡೆಗಿರಬೇಕು. ಸೂಜಿಯ ಚಪ್ಪಟೆ ಬದಿಯನ್ನು ಗಾಜಿನ ಮೇಲಿಟ್ಟು ಕಣ್ಣಿನ ಮಟ್ಟದಲ್ಲಿ ನೋಡಿದರೆ ಗಾಜಿಗೂ ಸೂಜಿಗೂ ನಡುವಿನ ಸಂದು ಉದ್ದಕ್ಕೂ ಒಂದೇ ಸಮನಾಗಿರಬೇಕು. ಇಲ್ಲದಿದ್ದರೆ ಆ ಸೂಜಿಯನ್ನು ಎಸೆಯುವುದೇ ಲೇಸು. ಬಟ್ಟೆಯನ್ನು ಕೈಯಿಂದ ಎಳೆಯುವ ಅಭ್ಯಾಸವಿದ್ದರೆ ಹೊಸ ಸೂಜಿಯೂ ಬೇಗ ಬಾಗುತ್ತದೆ. ಬಟ್ಟೆ ಸರಿಸುವುದು ಹಲ್ಲುಗಳ ಕೆಲಸ. ಕೈ ದಾರಿ ತೋರಿಸಿದರೆ ಸಾಕು.

ಸೂಜಿಯ ಮೇಲಿನ ಸಂಖ್ಯೆಗಳಿಗೂ ಅರ್ಥವಿದೆ. 90/14 ಎಂದರೆ ಸೂಜಿಯ ಅಲಗಿನ ವ್ಯಾಸ 0.90 ಮಿಲಿಮೀಟರ್, 14 ಎಂಬುದು ಅದೇ ಅಳತೆಯ ಇನ್ನೊಂದು ಹೆಸರು. ತೆಳು ವಾಯಿಲ್, ರೇಷ್ಮೆಗೆ 11, ಸಾಮಾನ್ಯ ಹತ್ತಿ ಬಟ್ಟೆಗೆ 14, ಜೀನ್ಸ್‌ನಂಥ ದಪ್ಪ ಬಟ್ಟೆಗೆ 16 ಅಥವಾ 18. ಸುಮಾರು 8 ಗಂಟೆ ಹೊಲಿದ ಮೇಲೆ ಸೂಜಿ ಬದಲಿಸಬೇಕೆಂಬುದು ಸಾಮಾನ್ಯ ಸಲಹೆ. ಮುರಿಯುವವರೆಗೂ ಅದೇ ಸೂಜಿಯಲ್ಲಿ ಹೊಲಿಯುವುದು ನಮ್ಮ ಮನೆಗಳ ಪದ್ಧತಿ!

ಬಟ್ಟೆಯ ಅಡಿಯಲ್ಲಿ ದಾರ ಸಿಕ್ಕಾದರೆ ಎಲ್ಲರೂ ಬಾಬಿನ್ನನ್ನು ದೂರುತ್ತಾರೆ. ಅಪರಾಧಿ ಬಹುಮಟ್ಟಿಗೆ ಮೇಲಿನ ದಾರ. ಬಿಗಿತ ಕೊಡುವುದು ಒಂದಕ್ಕೊಂದು ಅಂಟಿಕೊಂಡ ಎರಡು ಪುಟ್ಟ ಬಿಲ್ಲೆಗಳು. ಒತ್ತುಪಾದ ಎತ್ತಿದಾಗ ಅವು ಸಡಿಲವಾಗುತ್ತವೆ, ಇಳಿಸಿದಾಗ ಬಿಗಿಯಾಗುತ್ತವೆ. ಪಾದ ಇಳಿಸಿಯೇ ದಾರ ಪೋಣಿಸಿದರೆ ಅದು ಬಿಲ್ಲೆಗಳ ನಡುವೆ ಸೇರದೆ ಅಂಚಿನಲ್ಲೇ ಉಳಿಯಬಹುದು. ಬಿಗಿತವಿಲ್ಲದ ದಾರವನ್ನು ಕೊಕ್ಕೆ ಬೇಕಾದಷ್ಟು ಕೆಳಗೆ ಸೆಳೆದುಕೊಳ್ಳುತ್ತದೆ. ಸನ್ನೆ ಅದನ್ನು ಹಿಂದಕ್ಕೆಳೆಯಲಾರದು. ಪಾದ ಇಳಿಸುವುದನ್ನೇ ಮರೆತು ಹೊಲಿದರೂ ಇದೇ ಫಲ. ಆದ್ದರಿಂದ ಪಾದವನ್ನು ಎತ್ತಿ, ಸನ್ನೆಯನ್ನು ತುತ್ತತುದಿಗೆ ತಂದು, ದಾರವನ್ನು ಮೊದಲಿನಿಂದ ಪೋಣಿಸಬೇಕು. ಕೈಚಕ್ರದ ಮೇಲ್ಭಾಗ ಸದಾ ಹೊಲಿಯುವವರ ಕಡೆಗೇ ತಿರುಗಬೇಕು. ಹಿಮ್ಮುಖವಾಗಿ ತಿರುಗಿದರೆ ದಾರ ಸಿಕ್ಕುತ್ತದೆ. ತುಳಿಯುವ ಯಂತ್ರದಲ್ಲಿ ಹೊಸಬರಿಗೆ ದಾರ ಪದೇಪದೇ ತುಂಡಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ಬೆಳಗಿನ ಚಳಿಯಲ್ಲಿ ಯಂತ್ರ ಭಾರವಾಗಿ ತಿರುಗಿ, ಮಧ್ಯಾಹ್ನ ಹಗುರಾದರೆ ಎಣ್ಣೆಯ ಡಬ್ಬಿಯತ್ತ ನೋಡಬೇಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಂಗಳೂರು, ಚಿಕ್ಕಮಗಳೂರುಗಳಲ್ಲಿ ಶೀಷೆಯೊಳಗೆ ಆಗುವುದೇ ಯಂತ್ರದ ಸಂದಿನಲ್ಲೂ ಆಗುತ್ತದೆ. ಅಡುಗೆಯ ಎಣ್ಣೆಗಳು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಕಾಲಕ್ರಮದಲ್ಲಿ ಅಂಟಾಗುತ್ತವೆ. ಅಂಟಿಗೆ ದೂಳು, ನೂಲಿನ ಹುಡಿ ಮೆತ್ತಿಕೊಳ್ಳುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಎಂದು ಮಾರುವುದು ತೆಳುವಾದ ಖನಿಜ ತೈಲ. ಅಂಟು ಕಟ್ಟಿದ ಭಾಗಗಳಿಗೆ ಒಂದೆರಡು ತೊಟ್ಟು ಸೀಮೆಎಣ್ಣೆ ಬಿಟ್ಟು, ಕೈಚಕ್ರ ತಿರುಗಿಸಿ, ಹೊರಬಂದ ಕೊಳೆ ಒರೆಸಿ, ಆಮೇಲೆ ಯಂತ್ರದ ಎಣ್ಣೆ ಹಾಕಬೇಕು. ಸೀಮೆಎಣ್ಣೆಯ ಕೆಲಸ ಹಿರಿಯರ ಎದುರಿಗೆ, ಒಲೆ ದೀಪಗಳಿಂದ ದೂರದಲ್ಲಿ, ಕಿಟಕಿ ತೆರೆದೇ ನಡೆಯಬೇಕು. ಮೋಟಾರು ಇದ್ದರೆ ಮೊದಲು ಪ್ಲಗ್ ಕಳಚಬೇಕು. ಹೊಲಿಯುವ ಮುನ್ನ ಹಳೆಯ ಬಟ್ಟೆಯ ಮೇಲೆ ಓಡಿಸಿದರೆ ಹೊಸ ಬಟ್ಟೆಗೆ ಕಲೆಯಾಗದು.

ಇಷ್ಟೆಲ್ಲ ತಿಳಿದ ಮೇಲೂ ತಪಾಸಣೆಗೆ ಒಂದು ಕ್ರಮ ಬೇಕು. ಮೊದಲು ದಾರವನ್ನು ಹೊಸದಾಗಿ ಪೋಣಿಸುವುದು. ಎರಡನೆಯದು ಹೊಸ ಸೂಜಿ. ಮೂರನೆಯದು ಬಾಬಿನ್ ಕೇಸ್ ಹೊರತೆಗೆದು ಒಳಗಿನ ತುಂಡು ದಾರ, ಹುಡಿ ತೆಗೆಯುವುದು. ನಾಲ್ಕನೆಯದು ಹಲ್ಲುಗಳ ನಡುವಿನ ಹುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಶುಚಿ ಮಾಡುವುದು. ಐದನೆಯದು ಎಣ್ಣೆ. ಬಿಗಿತದ ತಿರುಪಿನ ಸರದಿ ಕೊನೆಯದು. ನಿನ್ನೆಯವರೆಗೆ ಚೆನ್ನಾಗಿ ಹೊಲಿಯುತ್ತಿದ್ದ ಯಂತ್ರದ ಬಿಗಿತ ತಾನಾಗಿ ಬದಲಾಗುವುದು ಅಪರೂಪ. ಅದನ್ನು ಮೊದಲೇ ತಿರುಗಿಸಿದರೆ ಸರಿಯಿದ್ದ ಅಳತೆ ಕಳೆದುಹೋಗುತ್ತದೆ. ತಿರುಗಿಸಲೇಬೇಕಾದರೆ ಈಗಿರುವ ಅಂಕಿಯನ್ನು ಬರೆದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಬದಲಾವಣೆಯ ನಂತರ ಅದೇ ಬಟ್ಟೆಯ ತುಂಡಿನ ಮೇಲೆ ಹತ್ತು ಸೆಂಟಿಮೀಟರ್ ಹೊಲಿಗೆ. ಪ್ರಯೋಗಾಲಯದಲ್ಲಿ ಒಂದನ್ನು ಬದಲಿಸಿ ಉಳಿದುದೆಲ್ಲವನ್ನೂ ಹಾಗೇ ಇಡುವ ವಿಧಾನವೂ ಇದೇ. ಇಷ್ಟಕ್ಕೂ ಯಂತ್ರ ಬಗ್ಗದಿದ್ದರೆ ಕೊಕ್ಕೆ ಮತ್ತು ಸೂಜಿಯ ಹೊಂದಾಣಿಕೆ ತಪ್ಪಿರಬಹುದು. ಅದು ಅನುಭವಿ ಮೆಕ್ಯಾನಿಕ್ಕಿನ ಕೆಲಸ. ಏನೇನು ಪರೀಕ್ಷಿಸಲಾಯಿತು ಎಂಬ ಚೀಟಿಯನ್ನು ಅವರ ಕೈಗೆ ಕೊಟ್ಟರೆ ಅವರ ಸಮಯವೂ ಉಳಿಯುತ್ತದೆ.

ಮಾಡಿ ನೋಡಿ

1. ಮೇಲೆ ಕೆಂಪು ದಾರ, ಬಾಬಿನ್ನಿಗೆ ಬಿಳಿ ದಾರ ಹಾಕಿ ತಿಳಿ ನೀಲಿ ಬಟ್ಟೆಯ ಎರಡು ಪದರ ಹೊಲಿಯಿರಿ. ಮೇಲೆ ಕೆಂಪು, ಕೆಳಗೆ ಬಿಳಿ ಮಾತ್ರ ಕಂಡರೆ ಗಂಟು ಬಟ್ಟೆಯ ನಡುವೆ ಇದೆ. ಕೆಳಗೆ ಕೆಂಪು ಚುಕ್ಕೆ ಕಂಡರೆ ಮೇಲಿನ ದಾರ ಸಡಿಲ. ಮೇಲೆ ಬಿಳಿ ಚುಕ್ಕೆ ಕಂಡರೆ ಮೇಲಿನ ದಾರ ಅತಿ ಬಿಗಿ.

2. ತುಳಿಯುವ ಯಂತ್ರದ ದೊಡ್ಡ ಚಕ್ರದ ಮತ್ತು ಕೈಚಕ್ರದ ಬೆಲ್ಟು ಕೂರುವ ಗಾಡಿಗಳ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಅವು 96 ಮತ್ತು 24 ಸೆಂಟಿಮೀಟರ್ ಎಂದುಕೊಳ್ಳೋಣ. ದೊಡ್ಡ ಚಕ್ರದ ಒಂದು ಸುತ್ತಿಗೆ ಕೈಚಕ್ರ 4 ಸುತ್ತು, ಅಂದರೆ 4 ಹೊಲಿಗೆ. ನಿಮಿಷಕ್ಕೆ 60 ಸುತ್ತಾದರೆ 240 ಹೊಲಿಗೆ. ಒಂದು ಹೊಲಿಗೆ 2.5 ಮಿಲಿಮೀಟರ್ ಇದ್ದರೆ ನಿಮಿಷಕ್ಕೆ 60 ಸೆಂಟಿಮೀಟರ್. ನಿಮ್ಮ ಮನೆಯ ಯಂತ್ರದ ಲೆಕ್ಕವೆಷ್ಟು?

3. ಯಂತ್ರ ಸರಿಹೋದ ಮೇಲೆ ಮೊದಲ ಹೊಲಿಗೆಗೆ ಕೈಚೀಲ ಒಳ್ಳೆಯದು. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳ ನಿಷೇಧವಾಗಿದೆ. ಮನೆಗೊಂದು ಬಟ್ಟೆಯ ಚೀಲ ಹೇಗೂ ಬೇಕು. ಹಳೆಯ ಗಟ್ಟಿ ಬಟ್ಟೆಯಲ್ಲಿ 90 ಸೆಂಟಿಮೀಟರ್ ಉದ್ದ, 40 ಅಗಲದ ತುಂಡು ಕತ್ತರಿಸಿ, ಉದ್ದವನ್ನು ಎರಡಾಗಿ ಮಡಿಸಿ. ಬಟ್ಟೆಯ ಸುಮುಖ ಹೊರಗಿರುವಂತೆ ಎರಡೂ ಬದಿ ಅಂಚಿನಿಂದ ಅರ್ಧ ಸೆಂಟಿಮೀಟರಿನಲ್ಲಿ ಹೊಲಿಯಿರಿ. ಆಮೇಲೆ ಒಳಹೊರಗು ತಿರುಗಿಸಿ 7 ಮಿಲಿಮೀಟರಿನಲ್ಲಿ ಮತ್ತೆ ಹೊಲಿಯಿರಿ. ಕತ್ತರಿಸಿದ ಅಂಚು ಒಳಗೇ ಮುಚ್ಚಿಹೋಗುವುದರಿಂದ ನೂಲು ಬಿಡುವುದಿಲ್ಲ. ಬಾಯಿಗೆ ಒಂದು, ಮತ್ತೆ ಮೂರು ಸೆಂಟಿಮೀಟರ್ ಮಡಿಸಿ ಹೊಲಿದರೆ ಚೀಲದ ಎತ್ತರ 41 ಸೆಂಟಿಮೀಟರ್. ಹಿಡಿಕೆಗೆ 50 ಉದ್ದ, 8 ಅಗಲದ ಎರಡು ಪಟ್ಟಿಗಳನ್ನು ನಾಲ್ಕು ಪದರ ಮಾಡಿ 2 ಸೆಂಟಿಮೀಟರ್ ಅಗಲಕ್ಕೆ ತನ್ನಿ. ಚೀಲಕ್ಕೆ ಸೇರುವಲ್ಲಿ ಚೌಕ ಹೊಲಿದು ಅದರೊಳಗೆ ಕರ್ಣಗಳನ್ನೂ ಹೊಲಿಯಿರಿ. ಭಾರ ಒಂದೇ ಗೆರೆಯ ಮೇಲೆ ಬೀಳದೆ ಹಲವು ಹೊಲಿಗೆಗಳಿಗೆ ಹಂಚಿಹೋಗುತ್ತದೆ. ಐದು ಕಿಲೋ ಅಕ್ಕಿ ತುಂಬಿ ಎತ್ತಿ ನೋಡಿ.

ಪಾಲಕರಿಗೆ ಒಂದು ಮಾತು. ‘ಮುಟ್ಟಬೇಡ, ಕೆಟ್ಟುಹೋಗುತ್ತದೆ’ ಎಂದು ಮಕ್ಕಳನ್ನು ಯಂತ್ರದಿಂದ ದೂರವಿಡುವುದಕ್ಕಿಂತ ಒಂದು ಭಾನುವಾರ ಜೊತೆಯಲ್ಲಿ ಕೂತು ಬಾಬಿನ್ ಕೇಸ್ ಬಿಚ್ಚಿ ತೋರಿಸುವುದು ಮೇಲು. ಮಗಳಿಗಷ್ಟೇ ಅಲ್ಲ, ಮಗನಿಗೂ. ಮುಂದಿನ ಸಲ ಸಮವಸ್ತ್ರದ ರಾಶಿಯ ನಡುವೆ ಯಂತ್ರ ಹಟ ಹಿಡಿದರೆ ತಾಲ್ಲೂಕಿನ ಬಸ್ಸು ಹಿಡಿಯುವ ಮೊದಲು ಮನೆಯಲ್ಲೇ ಒಬ್ಬರು ಹೊಸ ಸೂಜಿ ಹಾಕಿ ನೋಡುವವರಿರುತ್ತಾರೆ.