ಎಡಕ್ಕೆ ಎಳೆಯುವ ಕಾರು
ಕಾರು ಒಂದು ಕಡೆಗೆ ಎಳೆಯುತ್ತಿದೆ ಎಂದೊಡನೆ ನಮ್ಮವರು ನೇರ ಹೋಗುವುದು ವೀಲ್ ಅಲೈನ್‌ಮೆಂಟ್ ಅಂಗಡಿಗೆ. ಅಲ್ಲಿ ಕಂಪ್ಯೂಟರ್ ಇದೆ, ಪ್ರಿಂಟೂ ಕೊಡುತ್ತಾರೆ. ದುಡ್ಡು ಕೊಟ್ಟದ್ದಕ್ಕೆ ಸಮಾಧಾನ. ಆದರೆ ಮೊದಲ ಆರೋಪಿ ರಸ್ತೆಯೇ ಇರಬಹುದು. ಮಳೆನೀರು ಹರಿದುಹೋಗಲೆಂದು ಡಾಂಬರು ರಸ್ತೆಯನ್ನು ನಡುವೆ ಉಬ್ಬಿಸಿ, ಅಂಚಿನತ್ತ ಶೇ. 2ರ ಆಸುಪಾಸು ಇಳಿಜಾರು ಕೊಟ್ಟಿರುತ್ತಾರೆ. ಎಡಬದಿಯಲ್ಲೇ ಓಡಿಸುವ ನಮಗೆ ಕಾರು ತುಸು ಎಡಕ್ಕೆ ಸರಿಯುವುದು ಸಹಜ. ನೇರ ರಸ್ತೆಯಲ್ಲಿ ಬಲಕ್ಕೆ ಎಳೆದರೆ ಆ ನೆಪ ಸಿಗದು. ಆಮೇಲೆ ಗಾಳಿ: ಟೈರು ತಣ್ಣಗಿರುವಾಗ ನೋಡಿಸಿ, ಕಡಿಮೆ ಇರುವ ಕಡೆಗೇ ಎಳೆತ. ಅದೂ ಸರಿಯಿದ್ದರೆ ಮುಂಭಾಗದ ಎರಡು ಚಕ್ರಗಳನ್ನು ಅದಲುಬದಲು ಮಾಡಿಸಿ. ಎಳೆತವೂ ದಿಕ್ಕು ಬದಲಿಸಿತೋ, ತಪ್ಪು ಟೈರಿನದ್ದು. ಇಷ್ಟು ಅಗ್ಗದ ಪರೀಕ್ಷೆಯನ್ನು ಅಂಗಡಿಯವರು ತಾವಾಗಿ ಹೇಳುವುದು ಅಪರೂಪ. (ಬಾಣದ ಗುರುತಿರುವ, ಒಂದೇ ದಿಕ್ಕಿಗೆ ಉರುಳಬೇಕಾದ ಟೈರಿಗೆ ಇದು ಸಲ್ಲದು.) ಬ್ರೇಕ್ ಒತ್ತಿದಾಗಲಷ್ಟೇ ಎಳೆದರೆ ಬ್ರೇಕ್ ಬಿಚ್ಚಿಸಬೇಕು. ಒತ್ತದಿದ್ದರೂ ಎಳೆಯುತ್ತ, ಒಂದು ಚಕ್ರ ಮಾತ್ರ ಕಾದಿದ್ದರೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಮುಟ್ಟಬೇಡಿ, ಹತ್ತಿರ ಕೈ ಒಡ್ಡಿದರೂ ಬಿಸಿ ತಿಳಿಯುತ್ತದೆ. ಅಲೈನ್‌ಮೆಂಟಿನ ಸರದಿ ಇಷ್ಟೆಲ್ಲ ಆದ ಮೇಲೆ. ಅಲ್ಲೂ ಟೋ (ಮೇಲಿಂದ ಕಂಡಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದನ್ನೇ ತಿದ್ದಿ ಕಳಿಸುವುದುಂಟು. ಮುಂದಿನ ಚಕ್ರಗಳ ಟೋ ತಪ್ಪಿದರೆ ಟೈರು ಸವೆಯುತ್ತದೆ, ಸ್ಟಿಯರಿಂಗ್ ಸೊಟ್ಟ ನಿಲ್ಲುತ್ತದೆ. ಕಾರನ್ನು ಎಳೆಯುವುದು ಹೆಚ್ಚಾಗಿ ಎಡಬಲದ ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವ ಕೋನ), ಕ್ಯಾಸ್ಟರ್ (ಸ್ಟಿಯರಿಂಗ್ ತಿರುಗಿಸುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ) ಇವುಗಳ ವ್ಯತ್ಯಾಸ. ದೊಡ್ಡ ಗುಂಡಿಗೆ ಬಿದ್ದ ಮೇಲೆ ಶುರುವಾದ ಎಳೆತವಾದರಂತೂ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್, ಅದರ ಬುಷ್ ನೋಡದೆ ಅಲೈನ್‌ಮೆಂಟ್ ಮಾಡಿಸುವುದು ದುಡ್ಡು ದಂಡ.