ಉರಿಯೂತವೆಂಬ ಮಾತು, ಅರಿಶಿನವೆಂಬ ಮದ್ದು

ಉನ್ಮಾದವೂ ಖಿನ್ನತೆಯೂ ಒಬ್ಬನನ್ನೇ ಸರದಿಯಂತೆ ಹಿಡಿಯುವ ಬೈಪೋಲಾರ್ ಬೇನೆಗೆ ಉರಿಯೂತವೇ ಮೂಲವೆಂಬ ಮಾತು ಈಚೆಗೆ ಬಹಳ ಚಲಾವಣೆಯಲ್ಲಿದೆ. ನಾನು ವೈದ್ಯನಲ್ಲ, ಕನ್ನಡ ಮೇಷ್ಟರು. ಆದರೂ ನಡುವೆ ಬಾಯಿ ಹಾಕಬೇಕಾಗಿದೆ. ಏಕೆಂದರೆ ಇಲ್ಲಿಯ ಅನರ್ಥದಲ್ಲಿ ಅರ್ಧಪಾಲು ಶಬ್ದದಿಂದಲೇ ಹುಟ್ಟಿದ್ದು.

ಉರಿಯೂ ಊತವೂ ಮುಟ್ಟಿ ನೋಡಬಹುದಾದ ಸಂಗತಿಗಳು. ವೈದ್ಯರು ಈ ಬೇನೆಯಲ್ಲಿ ಕಂಡದ್ದು ಅದನ್ನಲ್ಲ. ಸಿ-ರಿಯಾಕ್ಟಿವ್ ಪ್ರೋಟೀನಿನಂಥ ವಸ್ತುಗಳು ಇಂಥವರ ರಕ್ತದಲ್ಲಿ, ವಿಶೇಷವಾಗಿ ಉನ್ಮಾದದ ಕಾಲದಲ್ಲಿ, ಇತರರಿಗಿಂತ ಸರಾಸರಿಯಲ್ಲಿ ಹೆಚ್ಚಾಗಿರುತ್ತವೆ. ಬೊಜ್ಜಿನಿಂದಲೂ ಸಿಗರೇಟಿನಿಂದಲೂ ಅವು ಏರುತ್ತವೆ. ಬೇನೆಗೆ ಇದು ಕಾರಣವೋ, ಪರಿಣಾಮವೋ, ಬರಿಯ ಜೊತೆಗಾರನೋ ಇನ್ನೂ ಇತ್ಯರ್ಥವಾಗಿಲ್ಲ. ನಮ್ಮವರಿಗಾದರೋ ‘ಉರಿ’ ಎಂದೊಡನೆ ‘ತಂಪು’ ನೆನಪಾಗುತ್ತದೆ. ಅರಿಶಿನದ ಹಾಲು ಕುಡಿ, ಲಿಥಿಯಂ ಬಿಡು ಎಂಬ ಉಪದೇಶ ಹೊರಡುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಬಂಧುಗಳ ಈ ಉಪದೇಶ ಕೇಳಿ ಮಾತ್ರೆ ಬಿಟ್ಟ. ತಿಂಗಳೊಳಗೆ ನಿದ್ದೆಗೆಟ್ಟು, ಕಂಡಕಂಡವರಲ್ಲಿ ಸಾಲ ಮಾಡಿ, ಕೊನೆಗೆ ಆಸ್ಪತ್ರೆ ಸೇರಿದ, ಪರೀಕ್ಷೆಗೆ ಬರಲಿಲ್ಲ.

ಉರಿಯೂತ ತಗ್ಗಿಸಿದರೆ ಬೇನೆ ತಗ್ಗೀತೆಂಬ ವಾದವನ್ನು ವಿಜ್ಞಾನ ಒರೆಗೆ ಹಚ್ಚದೆ ಬಿಟ್ಟಿಲ್ಲ. ಬೈಪೋಲಾರ್ ಖಿನ್ನತೆಯುಳ್ಳ 60 ಮಂದಿಯಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಮದ್ದನ್ನು ಹುಸಿಮದ್ದಿನೊಡನೆ ಹೋಲಿಸಿದರು. 2019ರಲ್ಲಿ ಪ್ರಕಟವಾದ ಫಲದಂತೆ ಒಟ್ಟಿನ ಮೇಲೆ ಅದು ಗೆಲ್ಲಲಿಲ್ಲ. ಪಾಕಿಸ್ತಾನದಲ್ಲಿ 266 ಮಂದಿಯಲ್ಲಿ ಮಿನೊಸೈಕ್ಲಿನ್, ಸೆಲೆಕಾಕ್ಸಿಬ್‌ಗಳನ್ನು ಪರೀಕ್ಷಿಸಿದಾಗಲೂ 2020ರಲ್ಲಿ ಬಂದ ಉತ್ತರ ಅದೇ.

ಅರ್ಧಸತ್ಯವನ್ನು ಚಿಕಿತ್ಸೆಯಾಗಿಸಿದವರು ಹಿಂದೆಯೂ ಇದ್ದರು. ಸಿಫಿಲಿಸ್‌ನ ಸೂಕ್ಷ್ಮಜೀವಿ ಮಿದುಳನ್ನು ಹೊಕ್ಕು ಬುದ್ಧಿಭ್ರಮಣೆ ತರುತ್ತದೆಂದು 1913ರಲ್ಲಿ ಸಿದ್ಧವಾಗಿತ್ತು. ಅಮೆರಿಕದ ಟ್ರೆಂಟನ್ನಿನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್ ಇನ್ನೂ ಮುಂದೆ ಹೋಗಿ, ಹುಚ್ಚಿಗೆಲ್ಲ ದೇಹದಲ್ಲಿ ಅಡಗಿದ ಸೋಂಕೇ ಮೂಲವೆಂದು ನಂಬಿದ. ರೋಗಿಗಳ ಹಲ್ಲು ಕೀಳಿಸಿದ, ದೊಡ್ಡಕರುಳನ್ನು ಕತ್ತರಿಸಿದ. ಹುಚ್ಚು ಬಿಡಲಿಲ್ಲ, ಅನೇಕರ ಪ್ರಾಣ ಹೋಯಿತು. ಅವನೂ ಸದುದ್ದೇಶದವನೇ.

ಸಂಶೋಧನೆ ನಡೆಯಲಿ. ಈ ಬೇನೆ ನಡತೆಯ ದೋಷವಲ್ಲ, ಮೈಯ ಬೇನೆಯೂ ಹೌದೆಂದು ಅದರಿಂದ ಜನಕ್ಕೆ ಮನವರಿಕೆಯಾದರೆ ಅದೇ ದೊಡ್ಡ ಲಾಭ. ಆದರೆ 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಉನ್ಮಾದಕ್ಕೆ ಕೊಟ್ಟು ತೋರಿಸಿದ ಲಿಥಿಯಂ, ಬೇನೆ ಮರುಕಳಿಸದಂತೆ ತಡೆಯುವ ಮದ್ದುಗಳಲ್ಲಿ ಇಂದಿಗೂ ಮುಂದಿದೆ. ಅದಕ್ಕೆ ಆಗಾಗ ರಕ್ತಪರೀಕ್ಷೆ ಬೇಕು, ಮೂತ್ರಪಿಂಡದ ಮೇಲೆ ಕಣ್ಣಿರಬೇಕು. ಬದಲಿಸುವುದಾದರೆ ವೈದ್ಯರೇ ಬದಲಿಸಬೇಕು. ಹಿತೈಷಿಗಳಾದ ನಾವು, “ಮಾತ್ರೆ ತೆಗೆದುಕೊಂಡೆಯೇನಪ್ಪ, ರಾತ್ರಿ ನಿದ್ದೆ ಬಂತೆ?” ಎಂದು ಕೇಳಿದರೆ ಸಾಕು. ಅರಿಶಿನ ಸಾರಿಗಿರಲಿ.