ಹೆದ್ದಾರಿ ಟಿಪ್ಪಣಿ – 9: ಕೆಳಗಿಡೋಕೆ ಬಾರದ ‘ನಾನು’

ಫೋಟೋದಲ್ಲಿ ಇರೋದು ಒಂದು ಕರಪತ್ರ. ಗುಲಾಬಿ ಕಾಗದ, ನಾಲ್ಕು ಮಡಿಕೆ, ಮೂಲೆಯಲ್ಲಿ ಎಣ್ಣೆ ಕಲೆ. ಹೆಸರುಗಳನ್ನ ಬೇಕಂತಲೇ ಮಸುಕು ಮಾಡಿದ್ದೇನೆ. ನಮ್ಮೂರಿನ ಒಂದು ಬಯಲಾಟದ್ದು. ಇದರಲ್ಲಿ ನನ್ನ ಹೆಸರಿಲ್ಲ. ಅದೊಂದೇ ಕಾರಣಕ್ಕೆ ನಾನು ದೊಡ್ಡಪ್ಪನ ಮಗನ ಹತ್ರ ಎರಡು ವರ್ಷ ಎಂಟು ತಿಂಗಳು ಮಾತು ಬಿಟ್ಟಿದ್ದೆ.

ನಗ್ಬೇಡಿ. ನಿಮ್ಮನೆ ಕಪಾಟಲ್ಲೂ ಇಂಥ ಒಂದು ಕಾಗದ ಇದ್ದೀತು. ಹೆಸರು ಬಿಟ್ಟುಹೋದ ಮದುವೆ ಕರೆಯೋಲೆ, ಎರಡನೇ ಸಾಲಿಗೆ ಇಳಿದ ಸನ್ಮಾನ ಪತ್ರ, ದೇವಸ್ಥಾನದ ದಾನಿಗಳ ಬೋರ್ಡು. ನಮ್ಮ ಕರಾವಳಿಯಲ್ಲಿ ಜಾಗದ ತಕರಾರಿಗಿಂತ ಹೆಚ್ಚು ಮನೆ ಒಡೆದದ್ದು ಹೆಸರಿನ ತಕರಾರಿಗೆ ಅಂತ ನನಗೆ ಒಂದೊಂದ್ಸಲ ಅನ್ಸುತ್ತೆ.

ನಾನು ದಿನಾ ಕುಮಟಾ ಕಡೆಯಿಂದ ಭಟ್ಕಳಕ್ಕೆ ಕೆಲಸಕ್ಕೆ ಹೋಗಿಬರುವವ. ಸುಮಾರು 60 ಕಿಲೋಮೀಟರ್ ಬಸ್ಸು. ಈ ದಾರಿಯಲ್ಲೇ ಅಹಂಕಾರದ ದೊಡ್ಡ ಕತೆಯೊಂದು ಚೂರುಚೂರಾಗಿ ಬಿದ್ದಿದೆ. ಭಟ್ಕಳ ತಾಲೂಕಲ್ಲಿ ಮುರ್ಡೇಶ್ವರ, ಹೊನ್ನಾವರ ತಾಲೂಕಲ್ಲಿ ಗುಣವಂತೆ, ಕುಮಟಾ ತಾಲೂಕಲ್ಲಿ ಧಾರೇಶ್ವರ ಮತ್ತು ಗೋಕರ್ಣ. ಕಾರವಾರದ ಕಡೆಯ ಸಜ್ಜೇಶ್ವರ ಸೇರಿದರೆ ಐದು. ಐದೂ ರಾವಣ ಬಿಟ್ಟುಹೋದ ಗುರುತು ಅಂತ ನಮ್ಮಲ್ಲಿ ನಂಬಿಕೆ.

ಕತೆ ನಿಮಗೆ ಗೊತ್ತು. ತಾಯಿಯ ಪೂಜೆಗೆ ಅಂತ ರಾವಣ ತಪಸ್ಸು ಮಾಡಿ ಆತ್ಮಲಿಂಗ ಪಡೆದ. ಷರತ್ತು ಒಂದೇ, ಲಂಕೆ ಮುಟ್ಟುವ ತನಕ ನೆಲಕ್ಕೆ ಇಡಬಾರದು. ಗೋಕರ್ಣದ ಹತ್ರ ಸಂಧ್ಯಾವಂದನೆಯ ಹೊತ್ತಾಯ್ತು. ವಟುವಿನ ವೇಷದಲ್ಲಿ ಬಂದ ಗಣಪತಿಯ ಕೈಗೆ ಕೊಟ್ಟ. ಗಣಪತಿ ಮೂರು ಸಲ ಕರೆದ, ನೆಲಕ್ಕಿಟ್ಟ. ರಾವಣ ಓಡಿ ಬಂದು ಹುಡುಗನ ತಲೆಗೆ ಗುದ್ದಿದ. ಲಿಂಗವನ್ನ ಎಳೆದ, ತಿರುಚಿದ. ಅದು ಹಸುವಿನ ಕಿವಿಯ ಹಾಗೆ ಆಯ್ತೇ ಹೊರತು ಮೇಲೆ ಬರಲಿಲ್ಲ. ಸಿಟ್ಟಿಗೆ ಪೆಟ್ಟಿಗೆ, ಮುಚ್ಚಳ, ದಾರ, ಬಟ್ಟೆ ಎಲ್ಲಾ ಬೀಸಿ ಎಸೆದ. ಬಟ್ಟೆ ಬಿದ್ದದ್ದು ಮುರ್ಡೇಶ್ವರದಲ್ಲಿ. ಅಲ್ಲಿ 123 ಅಡಿಯ ಶಿವನ ಕೆಳಗಿನ ಗುಹೆಯಲ್ಲಿ ಇದೇ ಕತೆಯ ಮೂರ್ತಿಗಳಿವೆ. ಗೋಕರ್ಣದ ಗಣಪತಿಯ ತಲೆಯ ಮೇಲೆ ಗುದ್ದಿನ ಗುರುತನ್ನ ಇವತ್ತಿಗೂ ತೋರಿಸ್ತಾರೆ.

ಚಿಕ್ಕಂದಿನಿಂದ ಇದನ್ನ ಗಣಪತಿಯ ಜಾಣ್ಮೆಯ ಕತೆ ಅಂತಲೇ ಕೇಳಿದ್ದು. ಈಗ ನನಗೆ ಕಾಣೋದು ರಾವಣನ ಕೈ. ಅವನು ಹೊರಟಿದ್ದು ಏನಕ್ಕೆ? ಆತ್ಮವನ್ನೇ ‘ನನ್ನದು’ ಮಾಡ್ಕೊಂಡು ಮನೆಗೆ ಒಯ್ಯೋಕೆ!

ಯೋಗದ ಮಾತಿಗೆ ಬರೋಣ. ಅಹಂಕಾರ ಅಂದರೆ ಜಂಬ ಅಂತ ನಾವು ತಿಳ್ಕೊಂಡಿದ್ದೇವೆ. ಸಾಂಖ್ಯದಲ್ಲಿ ಹಾಗಲ್ಲ. ಅಲ್ಲಿ ಮನಸ್ಸು, ಅಹಂಕಾರ, ಬುದ್ಧಿ ಮೂರೂ ಒಳಗಿನ ಉಪಕರಣಗಳು. ಹೊನ್ನಾವರ ಬಸ್‌ಸ್ಟ್ಯಾಂಡಲ್ಲಿ ಯಾರೋ ಕಾಲು ತುಳಿದರು ಅಂತಿಟ್ಕೊಳ್ಳಿ. ‘ನೋವಾಯ್ತು’ ಅಂತ ಸುದ್ದಿ ತರೋದು ಮನಸ್ಸು. ‘ನನ್ನ ಕಾಲು, ನನ್ನನ್ನ ತುಳಿದ’ ಅಂತ ಅದಕ್ಕೆ ಮುದ್ರೆ ಒತ್ತೋದು ಅಹಂಕಾರ. ‘ಡ್ರೈವರ್ ಬ್ರೇಕ್ ಹಾಕಿದ, ಪಾಪ ಅಂವ ಎಂತ ಮಾಡ್ತಾನೆ’ ಅಂತ ತೀರ್ಮಾನ ಕೊಡೋದು ಬುದ್ಧಿ. ಮುದ್ರೆ ಒತ್ತುವವನೇ ಇಲ್ಲದಿದ್ದರೆ ಕಾಲು ಎಳ್ಕೊಳ್ಳೋಕೂ ಆಗ್ತಿರಲಿಲ್ಲ. ತೊಂದರೆ ಬರೋದು ಮುದ್ರೆ ಒತ್ತುವ ಗುಮಾಸ್ತನೇ ಸಾಹೇಬರ ಕುರ್ಚಿಯಲ್ಲಿ ಕೂತಾಗ.

ಪತಂಜಲಿ ಇದಕ್ಕೆ ಇಟ್ಟ ಹೆಸರು ಅಸ್ಮಿತೆ. ಐದು ಕ್ಲೇಶಗಳಲ್ಲಿ ಅವಿದ್ಯೆಯ ನಂತರ ಬರೋದು. ನೋಡುವವನನ್ನೂ ನೋಡುವ ಉಪಕರಣವನ್ನೂ ಒಂದೇ ಅಂತ ತಿಳಿಯೋದು ಅಂತ ಅದರ ಅರ್ಥ. ಕಷ್ಟ ಅನ್ಸಿದರೆ ಆಟದ ಚೌಕಿಗೆ ಬನ್ನಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದ ನೆಲ ಇದು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿಯವರ ಕೀಚಕ, ಭಸ್ಮಾಸುರರನ್ನ ನೋಡೋಕೆ ಜನ ನಿದ್ದೆಗೆಟ್ಟ ನೆಲ. ರಾತ್ರಿ ಎರಡು ಗಂಟೆಗೆ ಕೌರವನಾಗಿ ರಂಗಸ್ಥಳ ನಡುಗಿಸಿದ ಕಲಾವಿದ ಬೆಳಗಿನ ಜಾವ ಚೌಕಿಯಲ್ಲಿ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸ್ಕೊಂಡು, ‘ಮೊದಲ ಬಸ್ಸು ಎಷ್ಟೊತ್ತಿಗೆ’ ಅಂತ ಕೇಳ್ತಾನೆ. ಅವನು ಚಾದಂಗಡಿಯಲ್ಲೂ ‘ನಾನು ಕುರುಕುಲ ಸಾರ್ವಭೌಮ’ ಅಂತ ಕೂತರೆ? ಅದು ಅಸ್ಮಿತೆ. ವೇಷದಲ್ಲಿ ತಪ್ಪಿಲ್ಲ, ಅರೆಮನಸ್ಸಲ್ಲಿ ವೇಷ ಕಟ್ಟಿದರೆ ಆಟವೇ ಏಳೋದಿಲ್ಲ. ಬಿಚ್ಚೋಕೆ ಬರಬೇಕು, ಅಷ್ಟೇ.

ಹಾಗಾಗಿ ‘ಅಹಂಕಾರವನ್ನ ಸಾಯಿಸಿ’ ಅಂತ ಇಲ್ಲಿ ಓಡಾಡುವ ಪೋಸ್ಟುಗಳನ್ನ ನಾನು ಒಪ್ಪೋದಿಲ್ಲ. ದೋಣಿಯ ತಾಂಡೇಲ ಗಾಳಿ ತಿರುಗಿದಾಗ ‘ನಾನು ಹೇಳ್ತೇನೆ, ಬಲೆ ಎಳೀರಿ’ ಅನ್ನಲೇಬೇಕು. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಮ್ಮಲ್ಲಿ ‘ಅಹಂಕಾರ ಬಿಡು’ ಅನ್ನುವ ಉಪದೇಶ ಸಿಗೋದು ಯಾರಿಗೆ ಗಮನಿಸಿ. ಆಸ್ತಿಯಲ್ಲಿ ಪಾಲು ಕೇಳಿದ ಹೆಣ್ಮಗಳಿಗೆ. ಕೂಲಿ ಹೆಚ್ಚು ಕೇಳಿದ ಆಳಿಗೆ. ಎದುರು ಮಾತಾಡಿದ ಸೊಸೆಗೆ. ಅವರು ಕೇಳ್ತಿರೋದು ನ್ಯಾಯ. ಯೋಗದ ಮಾತನ್ನ ಬೇರೆಯವರ ಬಾಯಿ ಮುಚ್ಚಿಸೋಕೆ ಬಳಸಿದರೆ, ಅಲ್ಲಿ ಅಹಂಕಾರ ಇರೋದು ಉಪದೇಶ ಮಾಡುವವನಲ್ಲಿ. ಈ ಕನ್ನಡಿ ನಮ್ಮ ಮುಖಕ್ಕೆ ಹಿಡಿಯೋಕೆ ಮಾತ್ರ.

ನನ್ನ ಮುಖಕ್ಕೇ ಹಿಡೀತೇನೆ. ಕ್ಲೇಶಗಳಿಗೆ ನಾಲ್ಕು ಅವಸ್ಥೆ ಅಂತಾರೆ ಪತಂಜಲಿ: ಪ್ರಸುಪ್ತ, ತನು, ವಿಚ್ಛಿನ್ನ, ಉದಾರ. ಮಲಗಿದ್ದು, ತೆಳುವಾದದ್ದು, ನಡುನಡುವೆ ಕಡಿದದ್ದು, ಪೂರ್ತಿ ಹರಡಿದ್ದು. (ಇಲ್ಲಿ ಉದಾರ ಅಂದರೆ ದಾನಬುದ್ಧಿ ಅಲ್ಲ.) ನಾನೆಂಥಾ ವಿನಯದ ಮನುಷ್ಯ ಅಂತ 40 ವರ್ಷ ನಂಬಿದ್ದೆ. ಅದು ಮಲಗಿತ್ತು, ಅಷ್ಟೇ. ಕರಪತ್ರ ಕೈಗೆ ಬಂದ ದಿನ ಎದ್ದು ಮನೆಯೆಲ್ಲಾ ಹರಡ್ತು. ತಿಂಗಳುಗಟ್ಟಲೆ ಚಂದಾ ಎತ್ತಿದವ ನಾನು, ನನ್ನ ಹೆಸರೇ ಇಲ್ವಾ? ಆಟಕ್ಕೆ ಹೋಗಲಿಲ್ಲ. ಮರುವರ್ಷ ಮಗಳ ಕಾಲೇಜು, ಮನೆ ರಿಪೇರಿ ಅಂತ ಗಡಿಬಿಡಿಯಲ್ಲಿ ಸಿಟ್ಟು ಮರೆತ ಹಾಗಿತ್ತು. ಹೋಯ್ತು ಅಂದ್ಕೊಂಡೆ. ಪೇಟೆಯಲ್ಲಿ ಅಣ್ಣ ಎದುರಾದ. ರಸ್ತೆ ದಾಟಿಬಿಟ್ಟೆ. ಕಡಿದಿತ್ತು, ಸತ್ತಿರಲಿಲ್ಲ.

ಇದರ ಮಧ್ಯೆ ದೊಡ್ಡಪ್ಪ ಹಾಸಿಗೆ ಹಿಡಿದರು. ನನಗೆ ಈಜು ಕಲಿಸಿದವರು, ಹೆಗಲ ಮೇಲೆ ಕೂರಿಸ್ಕೊಂಡು ಆಟಕ್ಕೆ ಒಯ್ದವರು. ಅಣ್ಣ ಮನೇಲಿಲ್ಲದ ಹೊತ್ತು ನೋಡ್ಕೊಂಡು ಹೋಗ್ತಿದ್ದೆ. ಒಂದಿನ ಕೈ ಹಿಡ್ದು, ‘ಇಬ್ರೂ ಒಟ್ಟಿಗೆ ಬನ್ನಿ ಮಾರಾಯಾ, ಒಂದ್ಸಲ’ ಅಂದರು. ಆಯ್ತು ದೊಡ್ಡಪ್ಪ ಅಂದೆ. ಹೋಗಲಿಲ್ಲ. ಹನ್ನೆರಡನೇ ದಿನ ಅಂಗಳದ ಆ ತುದಿಗೆ ಅಂವ, ಈ ತುದಿಗೆ ನಾನು.

ಆಮೇಲೆ ದೊಡ್ಡಮ್ಮ ಕರೆಸಿದರು, ಪೆಟ್ಟಿಗೆಯ ಕಾಗದಪತ್ರ ನೋಡಿಕೊಡು ಅಂತ. ಅಣ್ಣನೂ ಅಲ್ಲೇ ಕೂತಿದ್ದ. ಪೆಟ್ಟಿಗೆಯ ತಳದಲ್ಲಿ ಈ ಕರಪತ್ರ, ಅದರ ಜೊತೆ ಪ್ರೆಸ್ಸಿಗೆ ಕೊಟ್ಟಿದ್ದ ಕೈಬರಹದ ಪಟ್ಟಿ. ಅಕ್ಷರ ನಂದೇ. ಎಲ್ಲರ ಹೆಸರೂ ಇತ್ತು. ನನ್ನದನ್ನ ಬರೆದಿರಲಿಲ್ಲ ನಾನು.

ಅಣ್ಣ ನಿಧಾನಕ್ಕೆ ಅಂದ: ‘ನಿನ್ನ ಹೆಸ್ರು ಹಾಕ್ಲಾ ಅಂತ ಕೇಳಿದ್ದೆ ತಮ್ಮಾ. ಬೇಡ ಅಂದೆ. ಬೇಡ ಅಂದ್ರೆ ಬೇಡ ಅಂತ್ಲೇ ತಿಳ್ಕಂಡೆ.’

ನೆನಪಾಯ್ತು. ಬೇಡ ಅಂದಿದ್ದೆ. ಆದರೂ ಹಾಕ್ತಾರೆ ಅಂತ ಕಾದಿದ್ದೆ.

ಬಸ್ಸಲ್ಲಿ ಕೂತು ರಾವಣನನ್ನ ನೆನೆಸ್ಕೊಳ್ಳೋದು ಇದಕ್ಕೇ. ಪತಂಜಲಿ ಕ್ಲೇಶ ತೆಳುವಾಗೋಕೆ ಮೂರು ಹೇಳ್ತಾರೆ: ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ. ರಾವಣನಿಗೆ ತಪಸ್ಸು ಬೇಕಾದಷ್ಟಿತ್ತು. ವೇದ ಓದಿದವ, ಸ್ವಾಧ್ಯಾಯಕ್ಕೂ ಕೊರತೆ ಇಲ್ಲ. ಇಲ್ಲದ್ದು ಮೂರನೇದು, ಮಾಡಿದ್ದನ್ನ ಅವನ ಪಾದಕ್ಕೆ ಇಟ್ಟು ಕೈ ಬಿಡೋದು. ಮೊದಲ ಎರಡೇ ಇದ್ದು ಮೂರನೇದು ಇಲ್ಲದಿದ್ದರೆ ಯೋಗಾಭ್ಯಾಸವೇ ಅಹಂಕಾರಕ್ಕೆ ಗೊಬ್ಬರ. ‘ಬೆಳಿಗ್ಗೆ ನಾಲ್ಕಕ್ಕೆ ಏಳ್ತೇನೆ’ ಅಂತ ದಿನಾ ಸ್ಟೋರಿ ಹಾಕುವ ನಮ್ಮಂಥವರು ಯೋಚಿಸಬೇಕಾದ್ದು.

ಈಗ ನಾನು ಮಾಡೋದು ಸಣ್ಣ ಕೆಲಸ. ಸಂಜೆ ಬಸ್ಸು ಮುರ್ಡೇಶ್ವರ ದಾಟುವಾಗ, ಇವತ್ತು ‘ನನಗೇ ಹೀಗೆ ಮಾಡಿದ್ರಲ್ಲ’ ಅಂತ ಎಷ್ಟು ಸಲ ಅನ್ನಿಸ್ತು ಎಣಿಸ್ತೇನೆ. ಗುಣವಂತೆ ಬಂದಾಗ, ಬೇರೆಯವರಿಗಾದ ಒಂದು ಒಳ್ಳೇದನ್ನ ನೆನೆದು ಖುಷಿಪಡೋಕೆ ನೋಡ್ತೇನೆ. ಮುದಿತಾ ಅಂತಾರಲ್ಲ, ಅದು. ಸಹೋದ್ಯೋಗಿಗೆ ಪ್ರಮೋಷನ್ ಆದ ದಿನ ಗುಣವಂತೆಯಿಂದ ಶರಾವತಿ ಸೇತುವೆ ತನಕವೂ ಆಗಲಿಲ್ಲ! ಧಾರೇಶ್ವರದ ಹೊತ್ತಿಗೆ, ಇನ್ನೂ ಕೈಯಲ್ಲಿ ಬಿಗಿಹಿಡಿದದ್ದು ಏನಿದೆ ನೋಡಿ ಇಳಿಸೋಕೆ ಪ್ರಯತ್ನ. ಒಂದೊಂದು ದಿನ ಇಳಿಯುತ್ತೆ. ಎಷ್ಟೋ ದಿನ ಹೊತ್ಕೊಂಡೇ ಮನೆಗೆ ಹೋಗ್ತೇನೆ.

ರಾವಣನಿಗೆ ದಕ್ಕದೆ ನೆಲಕ್ಕೆ ಕೂತ ಲಿಂಗವನ್ನ ಗೋಕರ್ಣದಲ್ಲಿ ಇವತ್ತು ಸಾಮಾನ್ಯ ಭಕ್ತರೂ ಕೈಯಿಂದ ಮುಟ್ಟಿ ಬರ್ತಾರೆ. ನಾನೂ ಅಣ್ಣನೂ ಕಳೆದ ತಿಂಗಳು ಹೋಗಿದ್ದೆವು. ಒಟ್ಟಿಗೆ. ದೊಡ್ಡಪ್ಪ ಕೇಳಿದ್ದು ಅಷ್ಟೇ ಆಗಿತ್ತು.

ನಿಮ್ಮ ಕಪಾಟಲ್ಲಿರೋ ಕಾಗದ ಯಾವುದು? ಇಲ್ಲಿ ಬರೀಬೇಕಂತಿಲ್ಲ. ಆ ಮನುಷ್ಯ ಇನ್ನೂ ಇದ್ದರೆ ಇವತ್ತೇ ಒಂದು ಫೋನ್ ಮಾಡಿ.

ಮುಂದಿನ ಟಿಪ್ಪಣಿ ಮಿರ್ಜಾನಿನಿಂದ.

#ಹೆದ್ದಾರಿಟಿಪ್ಪಣಿ #ಭಟ್ಕಳ #ಹೊನ್ನಾವರ #ಕುಮಟಾ #ಅಸ್ಮಿತೆ